ದಿಯೋಸೆಲಿನಾ ಬಾಗಿಲು ಹಾಕಿ ನೋಡಿದಳು

ದಿಯೋಸೆಲಿನಾ ಗ್ರಿಸಾಲೆಸ್ ಓದಿದ್ದು ಐದನೇ ತರಗತಿ. ಕಲಿಸಿದ್ದು ಮಾತ್ರ ವಿಶ್ವವಿದ್ಯಾಲಯದವರಿಗೆ. ಮಾನಿಸಾಲೆಸ್ ಎಂಬ ಊರಿನ ಗುಡ್ಡಗಳಲ್ಲಿ ಮಳೆನೀರು ಇಂಗದೆ ಹರಿದುಹೋಗಬೇಕು, ಇಲ್ಲವಾದರೆ ಗುಡ್ಡವೇ ಮನೆಗಳ ಮೇಲೆ ಕುಸಿಯುತ್ತದೆ. ಅದಕ್ಕಾಗಿ ಹದಿನೆಂಟು ವರ್ಷ ಅಲ್ಲಿನ ಚರಂಡಿಗಳನ್ನು ಕಾದವಳು ಅವಳು. ಚರಂಡಿಗೆ ಹಳೇ ಹಾಸಿಗೆ ಎಸೆದವರ ಮನೆಗೆ ಅದೇ ಹಾಸಿಗೆ ಹೊತ್ತುಕೊಂಡು ಹೋಗಿ, ಜನ್ಮ ಜಾಲಾಡಿ ಬರುವ ಹೆಂಗಸು. ಆದರೂ ಊರವರ ಬಾಯಲ್ಲಿ ಅವಳು ಗೌರವದ 'ದೊನ್ಯಾ', ಅಂದರೆ ಅಮ್ಮನವರು.

ಮೂರು ವಿಶ್ವವಿದ್ಯಾಲಯಗಳು ಕೂಡಿ ವಿಪತ್ತು ನಿರ್ವಹಣೆಗೆ ಹೊಸ ಪಾಠಕ್ರಮ ಕಟ್ಟುತ್ತಿದ್ದವು. ಊರಿನ ಪ್ರೊಫೆಸರ್ ಎಲ್ಕಿನ್, ಕೊನೆಯ ಪರೀಕ್ಷೆ ಗುಡ್ಡದ ಮೇಲೇ ನಡೆಯಲಿ, ಅಂಕವನ್ನು ದಿಯೋಸೆಲಿನಾ ಕೊಡಲಿ ಎಂದರು. ರಾಜಧಾನಿಯ ಡಾಕ್ಟರ್ ಬೆರೆನಿಸೆ ಕಾಮರ್ಗೊ ಹುಬ್ಬು ಗಂಟಿಕ್ಕಿದರು.

"ಅವರು ಬಂದು ಮಾತಾಡ್ಲಿ, ಬೇಡ ಅನ್ನಲ್ಲ. ಅಂಕ ಕೊಡೋದು ಬೇರೆ ವಿಷ್ಯ. ನಾನೇ ಬಂದು ನೋಡ್ತೀನಿ, ಆಮೇಲೆ ತೀರ್ಮಾನ ಮಾಡೋಣ."

ನಾಲ್ಕು ಮಾತಾಡಿ ಚಪ್ಪಾಳೆ ತಟ್ಟಿಸಿಕೊಳ್ಳುವುದು ದಿಯೋಸೆಲಿನಾಗೆ ಬೇಕಿರಲಿಲ್ಲ. ಅಂಕವಿಲ್ಲದ ಪಾಠವನ್ನು ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ? ಅವಳಿಗೆ ಆ ಅಂಕಪಟ್ಟಿಯೇ ಬೇಕಿತ್ತು.

ಪರೀಕ್ಷೆ ನಡೆದದ್ದು ಡಿಸೆಂಬರ್ ಮೊದಲ ವಾರ. ಮೇಣದಬತ್ತಿ ಹಬ್ಬಕ್ಕೆ ಮುಂಚೆ ಮನೆಗೆ ಬಣ್ಣ ಹೊಡೆಸದವರು ಆ ಗುಡ್ಡದಲ್ಲಿ ಯಾರೂ ಇಲ್ಲ. ವಿದ್ಯಾರ್ಥಿಗಳು ಸುರಕ್ಷಿತವೇ ಎಂದು ಪರೀಕ್ಷಿಸಬೇಕಿದ್ದ ಎಫ್ರೈನ್‌ನ ಮನೆಯೂ ಹಳದಿ ಬಣ್ಣದಲ್ಲಿ ಮಿರಮಿರ ಮಿಂಚುತ್ತಿತ್ತು. ತರಗತಿಗೇ ಮೊದಲಿಗಳಾದ ಯೆಸೆನಿಯಾ ಗೋಡೆ ಗೋಡೆಯನ್ನೂ ನೋಡಿ, ಫಾರಂನಲ್ಲಿ "ಬಿರುಕಿಲ್ಲ, ಸುರಕ್ಷಿತ" ಎಂದು ತುಂಬಿದಳು. ಕಾಮರ್ಗೊ ಸರಿಯೆಂದು ತಲೆಯಾಡಿಸಿದರು.

ದಿಯೋಸೆಲಿನಾ ಎಫ್ರೈನ್ ಎಲ್ಲರಿಗೂ ಕೊಟ್ಟ ಕಪ್ಪು ಕಾಫಿ ಮುಗಿಸಿ, ಎದ್ದು ಮಲಗುವ ಕೋಣೆಯ ಬಾಗಿಲು ಹಾಕಿದಳು. ಅದು ಸಲೀಸಾಗಿ ಮುಚ್ಚಿಕೊಂಡಿತು. ವಿದ್ಯಾರ್ಥಿಗಳು ಮುಖ ಮುಖ ನೋಡಿಕೊಂಡರು. ಅವಳು ಕುಕ್ಕರುಗಾಲಲ್ಲಿ ಕೂತು ಬಾಗಿಲಿನ ಅಡಿಯಂಚಿಗೆ ಬೆರಳಾಡಿಸಿದಳು. ಒಂದು ಕೊನೆ ಇನ್ನೊಂದಕ್ಕಿಂತ ಎರಡು ಬೆರಳು ಸವೆದಿತ್ತು.

"ಎಫ್ರೈನ್, ಎಷ್ಟು ಸಲ ಉಜ್ಜುಗೊರಡು ಹೊಡೆಸ್ದೆ?"

"ಈ ವರ್ಷ ಮೂರು ಸಲ. ಮಳೆಗೆ ಮರ ಉಬ್ಬುತ್ತಲ್ಲಾ ದೊನ್ಯಾ."

"ಮರ ಉಬ್ಬಿದ್ರೆ ಬಿಸಿಲಿಗೆ ತಾನಾಗೇ ಇಳೀತಿತ್ತು ಕಣಪ್ಪಾ. ನಿನ್ನ ಚೌಕಟ್ಟೇ ವಾಲಿದೆ. ಗುಡ್ಡ ಮೂರು ಸಲ ಕೂಗಿ ಹೇಳಿದ್ರೆ, ಮೂರು ಸಲಾನೂ ಬಡಗಿ ಕರೆಸಿ ಅದರ ಬಾಯಿ ಮುಚ್ಚಿಸಿದ್ದೀಯ."

ಎಲ್ಲರೂ ಹಿತ್ತಿಲಿಗೆ ಹೋದರು. ಮಣ್ಣನ್ನು ಹಿಡಿದುಕೊಳ್ಳುತ್ತವೆಂದು ಎಫ್ರೈನ್ ನೆಟ್ಟಿದ್ದ ಬಾಳೆಗಿಡಗಳ ಬುಡದಲ್ಲಿ ನೆಲ ಉದ್ದಕ್ಕೂ ಬಾಯಿ ಬಿಟ್ಟಿತ್ತು. ಕಾಮರ್ಗೊ ಅದರೊಳಗೆ ಕೈ ಇಟ್ಟರು, ಮಣಿಕಟ್ಟಿನವರೆಗೂ ಹೋಯಿತು. ಎಲ್ಕಿನ್ ಆಗಲೇ ನಗರಸಭೆಗೆ ಫೋನ್ ಮಾಡುತ್ತಿದ್ದರು. ಎಫ್ರೈನ್ ಒಳಗೆ ಹೋಗಿ ಮಕ್ಕಳ ಬಟ್ಟೆ ಗಂಟು ಕಟ್ಟತೊಡಗಿದ.

"ನಮ್ಮ ಫಾರಂನಲ್ಲಿ ಬಾಗಿಲಿನ ಪ್ರಶ್ನೇನೇ ಇಲ್ಲ," ಎಂದರು ಕಾಮರ್ಗೊ.

"ಮೊದಲನೇದಾಗಿ ಅದನ್ನೇ ಬರ್ಕೊಳ್ಳಿ, ಡಾಕ್ಟ್ರೇ."

ಕಾಮರ್ಗೊ ಬರೆದುಕೊಂಡರು. ಆಮೇಲೆ ಅಂಕಪಟ್ಟಿಯನ್ನೂ ಪೆನ್ನನ್ನೂ ಅವಳ ಕೈಗಿತ್ತರು. ದಿಯೋಸೆಲಿನಾ ಹೆಮ್ಮೆಯಿಂದ ಪಟ್ಟಿ ಹಿಡಿದು ಅಂಕ ಹಾಕತೊಡಗಿದಳು. ಯೆಸೆನಿಯಾಗೆ ಐದಕ್ಕೆ ಎರಡು.

"ದೊನ್ಯಾ, ನಂಗೆ ಇದುವರೆಗೂ ಐದಕ್ಕೆ ಕಮ್ಮಿ ಬಂದೇ ಇಲ್ಲ."

"ಕಾಫಿ ಕುಡಿದ ಕಪ್ಪು ತೊಳೆದಿಟ್ಟೆಯಲ್ಲಾ ಮಗಳೇ, ಆ ಎರಡೂ ಅದಕ್ಕೇ. ನಾಳೆ ಬಾ, ಚರಂಡಿಯಿಂದ ಶುರು ಮಾಡೋಣ."

ಪಟ್ಟಿಯ ಕೊನೆಯಲ್ಲಿ ಪರೀಕ್ಷಕರ ವಿದ್ಯಾರ್ಹತೆ ಎಂಬ ಖಾನೆಯಿತ್ತು. ಅದನ್ನು ಖಾಲಿ ಬಿಡಬಹುದು ಎಂದು ಎಲ್ಕಿನ್ ಪಿಸುಗುಟ್ಟಿದರು. ಅವಳು ದುಂಡಗಿನ ಅಕ್ಷರದಲ್ಲಿ "ಐದನೇ ತರಗತಿ" ಎಂದು ಬರೆದು ಸಹಿ ಹಾಕಿದಳು. ಡಾಕ್ಟರ್ ಕಾಮರ್ಗೊ ಪೆನ್ನು ತೆಗೆದುಕೊಂಡು ಅದರ ಕೆಳಗೆ ತಮ್ಮ ಸಹಿ ಹಾಕಿದರು.