ಗೋಡೆಯ ಹೊರಗಿನ ಕೂಸು

ಕಳೆದ ತಿಂಗಳು ಬೆಂಗಳೂರಿನಲ್ಲಿ ಕ್ರೈಸ್ತ ಸಹೋದ್ಯೋಗಿಯೊಬ್ಬರ ಮೊಮ್ಮಗಳ ಜ್ಞಾನಸ್ನಾನದ, ಅಂದರೆ ಬ್ಯಾಪ್ಟಿಸಮ್ಮಿನ, ಊಟಕ್ಕೆ ಹೋಗಿದ್ದೆ. ಅಡುಗೆಯವರು ಹಬೆಪಾತ್ರೆಯ ಮುಚ್ಚಳ ತೆಗೆದರು. ಶೇಂದಿ ಹಾಕಿ ಹುದುಗಿಸಿದ, ಇಡ್ಲಿಯಂಥ ಸಾನ್ನಾದ ಸಿಹಿಹುಳಿ ವಾಸನೆ ಮೂಗಿಗೆ ಬಡಿಯಿತು. ಕೋಲ್ಕತ್ತದ ಸಿಯಾಲ್ದಾ ರೈಲು ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ಕೆಳಗಿನ ಮನೆಯ ಆಂಟಿಯ ಅಡುಗೆಮನೆಯಿಂದ ಭಾನುವಾರ ಬೆಳಗ್ಗೆ ಮೆಟ್ಟಿಲು ಹತ್ತಿ ಬರುತ್ತಿದ್ದ ವಾಸನೆ ಅದು... ಅದರ ಹಿಂದೆಯೇ ಸಿಟ್ಟೂ ಬಂತು. ಇಷ್ಟು ವರ್ಷವಾದರೂ ಆರದ ಸಿಟ್ಟು.

ಸಾಫ್ಟ್‌ವೇರ್ ಕಂಪನಿಗಳು ಕೋಲ್ಕತ್ತದ ಪೂರ್ವಕ್ಕೆ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ. ಗಂಡನಿಗೆ ಅಲ್ಲಿಯ ರೈಲ್ವೆ ಕಚೇರಿಗೆ ವರ್ಗವಾಗಿತ್ತು. ನನಗೆ ನ್ಯೂ ಟೌನ್ ಕಡೆ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ಮೈಸೂರು ಬಿಟ್ಟು ಬಂದ ನಮಗೆ ಕನ್ನಡ ಕೇಳುತ್ತಿದ್ದದ್ದು ಕೆಳಗಿನ ಆ ಮನೆಯಲ್ಲಿ ಮಾತ್ರ. ಆಂಟಿ ಮಂಗಳೂರಿನ ಕೆಥೊಲಿಕರು. ಮದುವೆಯಾದ ವರ್ಷವೇ ಗಂಡನ ಜೊತೆ ಬಂದವರು, ಗಂಡ ತೀರಿಕೊಂಡ ಮೇಲೂ, ಮಗಳು ಮದುವೆಯಾಗಿ ಹೋದ ಮೇಲೂ ಅಲ್ಲೇ ಉಳಿದಿದ್ದರು. ಮೀನಿನವನ ಜೊತೆ ಬಂಗಾಳಿಯಲ್ಲಿ ಜಗಳ, ದೇವರ ಜೊತೆ ಕೊಂಕಣಿ, ನನ್ನ ಜೊತೆ ಮಂಗಳೂರು ಕನ್ನಡ.

ನನ್ನ ಆಫೀಸ್ ಬಸ್ಸು ಹಳೆಯ ಕ್ರೈಸ್ತ ಸ್ಮಶಾನದ ಗೋಡೆಯ ಪಕ್ಕ ನಿಲ್ಲುತ್ತಿತ್ತು. ಒಂದು ಬೆಳಗ್ಗೆ ಅಲ್ಲಿ ಆಂಟಿ ನಿಂತಿದ್ದರು. ಸ್ಮಶಾನದ ಒಳಗಲ್ಲ, ಹೊರಗೆ, ಫುಟ್‌ಪಾತಿನ ಮೇಲೆ, ಕೈಯಲ್ಲಿ ಹೂ ಹಿಡಿದು.

"ಯಾರಿಗೆ ಕಾಯ್ತಾ ಇದ್ದೀರಿ ಆಂಟಿ?"

"ಯಾರಿಗೂ ಅಲ್ಲ ಮಾರಾಯ್ತಿ. ನನ್ನ ದೊಡ್ಡ ಮಗ ಇರುದು ಇಲ್ಲಿಯೇ."

ಅವತ್ತು ಸಂಜೆ ಹೇಳಿದರು. ಮೊದಲ ಹೆರಿಗೆ ಮನೆಯಲ್ಲೇ ಆಗಿತ್ತು. ಗಂಡುಕೂಸು, ಉಸಿರು ಕಷ್ಟ. ಗಂಡ ಪಾದ್ರಿಯನ್ನು ಕರೆತರಲು ಓಡಿದರು. ಅವರು ಬರುವಷ್ಟರಲ್ಲಿ ಕೂಸು ಹೋಗಿತ್ತು. ಜ್ಞಾನಸ್ನಾನವಾಗದ ಮಗುವಿಗೆ ಪವಿತ್ರ ನೆಲದಲ್ಲಿ ಜಾಗವಿಲ್ಲ ಎಂದರಂತೆ ಪಾದ್ರಿ, ಸ್ಮಶಾನದ ಗೋಡೆಯ ಹೊರಗೆ ಹೂಳಿಸಿದರಂತೆ. ಅದು ದೇವರ ಮುಖ ನೋಡುವುದಿಲ್ಲ. ನರಕವೂ ಅಲ್ಲದ, ಸ್ವರ್ಗವೂ ಅಲ್ಲದ ಒಂದು ಕಡೆ ಇರುತ್ತದೆ ಎಂದರಂತೆ. ಪ್ರಾಣ ಹೋಗುವ ಹೊತ್ತಿನಲ್ಲಿ ಯಾರು ಬೇಕಾದರೂ ತಲೆಗೆ ನೀರು ಹಾಕಿ ಜ್ಞಾನಸ್ನಾನ ಕೊಡಬಹುದಿತ್ತು, ನೀನೇಕೆ ಕೊಡಲಿಲ್ಲ ಎಂದು ಬಾಣಂತಿಯನ್ನೇ ಕೇಳಿದರಂತೆ.

"ನೀರು ಮಂಚದ ಹತ್ತಿರವೇ ಇತ್ತು. ನಂಗೆ ಗೊತ್ತಿರ್ಲಿಲ್ಲ," ಎಂದರು ಆಂಟಿ. ಮೂವತ್ತು ವರ್ಷ ಕಳೆದ ಮೇಲೂ ಅದನ್ನು ತಪ್ಪೊಪ್ಪಿಗೆಯ ಧ್ವನಿಯಲ್ಲೇ ಹೇಳುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು.

ಮುಂದಿನ ಬೇಸಿಗೆಯಲ್ಲಿ ಹೊಸ ಪಾದ್ರಿಯೊಬ್ಬರು ಮನೆಮನೆ ಭೇಟಿಗೆ ಬಂದರು. ವಯಸ್ಸು ಚಿಕ್ಕದು, ನಗುಮುಖ. ಆಂಟಿ ನನ್ನನ್ನೂ ಚಹಾಕ್ಕೆ ಕರೆದಿದ್ದರು. ಮಾತಿನ ನಡುವೆ ಪಾದ್ರಿ ಒಳ್ಳೆಯ ಸುದ್ದಿ ಎನ್ನುವಂತೆ ಹಿಂದಿಯಲ್ಲಿ ಹೇಳಿದರು: ಜ್ಞಾನಸ್ನಾನವಿಲ್ಲದೆ ಸತ್ತ ಕೂಸುಗಳಿಗೂ ರಕ್ಷಣೆ ಸಿಗುತ್ತದೆಂದು ನಾವು ಭರವಸೆ ಇಟ್ಟುಕೊಳ್ಳಬಹುದು, ರೋಮಿನ ಪಂಡಿತರು ಹಾಗೆ ಬರೆದಿದ್ದಾರೆ.

ಆಂಟಿ ಕಪ್ಪನ್ನು ಕೆಳಗಿಟ್ಟರು. "ಹಾಗಾದರೆ ಮೊದಲು ಹೇಳಿದ್ದು?"

ಅದು ಧರ್ಮದ ಕಟ್ಟಳೆಯೇನೂ ಆಗಿರಲಿಲ್ಲ, ಹಿಂದಿನವರ ಒಂದು ಅಭಿಪ್ರಾಯ ಅಷ್ಟೇ ಎಂದರು ಪಾದ್ರಿ, ಬಿಸ್ಕತ್ತು ಅದ್ದುತ್ತಾ.

ಆಂಟಿ ನನ್ನ ಕಡೆ ತಿರುಗಿದರು. "ಕೇಳಿದ್ಯಾ? ಅಭಿಪ್ರಾಯ ಅಂತೆ! ನಮ್ಮ ಯಜಮಾನರು ಅದನ್ನೇ ನಂಬಿಕೊಂಡು ಸತ್ತರು. ಸಾಯುವಾಗ ಎಂತ ಹೇಳಿದ್ರು ಗೊತ್ತುಂಟಾ? ಮೇಲೆ ಹೋದ್ರೂ ಮಗ ಸಿಗುದಿಲ್ಲ ಅಂತ ಅತ್ತರು. ಇವರದ್ದು ಅಭಿಪ್ರಾಯ!"

ಆಮೇಲೆ ಹಿಂದಿಯಲ್ಲಿ ಪಾದ್ರಿಯನ್ನೇ ಕೇಳಿದರು: ಅವತ್ತು ಮಾಡದ ಪ್ರಾರ್ಥನೆಯನ್ನು ಈಗ ಮಾಡಿ, ಆ ಗೋಡೆಯ ಹತ್ತಿರ ಬಂದು. ಪಾದ್ರಿ ತಡವರಿಸಿದರು. ಅದು ಈಗ ರಸ್ತೆ, ಗುರುತೂ ಇಲ್ಲ, ಮೇಲಿನವರನ್ನು ಕೇಳಬೇಕು; ಬೇಕಿದ್ದರೆ ಚರ್ಚಿನಲ್ಲೇ ಒಂದು ಪೂಜೆ ಇಡೋಣ.

"ಅವ ಇಗರ್ಜಿಯಲ್ಲಿ ಇಲ್ಲ ಫಾದರ್. ನೀವು ಹಾಕಿದ ಕಡೆಯೇ ಇದ್ದಾನೆ."

ಮಳೆಗಾಲ ಮುಗಿಯಿತು, ದುರ್ಗಾಪೂಜೆಯ ಪೆಂಡಾಲುಗಳು ಎದ್ದು ಇಳಿದವು. ಪಾದ್ರಿ ಬರಲಿಲ್ಲ. ಕೂಸು ಹುಟ್ಟಿದ ದಿನವೇ ಅದು ಸತ್ತ ದಿನವೂ ಆಗಿತ್ತು. ಆ ತಾರೀಖು ಬಂದ ಬೆಳಗ್ಗೆ ಆಂಟಿ ಮೆಟ್ಟಿಲ ಕೆಳಗಿನಿಂದ ಕೂಗಿದರು: "ಬಸ್ಸಿಗೆ ಹೋಗುವಾಗ ನಾನೂ ಬರ್ತೇನೆ."

ಗೋಡೆಯ ಪಕ್ಕ ಬಸ್ಸಿಗೆ ಕಾಯುತ್ತ, ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗ ಹುಡುಗಿಯರು, ಕಿವಿಯಲ್ಲಿ ಹಾಡು, ಪಕ್ಕದಲ್ಲಿ ಪೂರಿಯಂಥ ಲೂಚಿ ಕರಿಯುತ್ತಿದ್ದ ಅಂಗಡಿ. ಅವರ ನಡುವೆ ನಿಂತು ಆಂಟಿ ತಲೆಗೆ ಸೆರಗು ಹೊದ್ದರು, ಕೊಂಕಣಿಯಲ್ಲಿ ಸತ್ತವರ ಪ್ರಾರ್ಥನೆ ಶುರುಮಾಡಿದರು. ಗಟ್ಟಿಯಾಗಿ, ಜಗಳದ ಧ್ವನಿಯಲ್ಲೇ. ನನಗೆ ಅರ್ಥವಾಗದಿದ್ದರೂ ಪಕ್ಕದಲ್ಲಿ ನಿಂತೆ. ಬಸ್ಸು ಬಂತು, ಹಾರ್ನ್ ಹೊಡೆಯಿತು. ನಾನು ಹತ್ತಲಿಲ್ಲ. ಪ್ರಾರ್ಥನೆಯ ನಡುವೆ ಒಂದು ಕಡೆ ಸತ್ತವರ ಹೆಸರು ಹೇಳಬೇಕು. ಆಂಟಿ ನಿಲ್ಲಿಸಿದರು. ಆ ಮಗುವಿಗೆ ಯಾರೂ ಹೆಸರಿಟ್ಟಿರಲಿಲ್ಲ.

ಅಲ್ಲೇ, ಹಾರ್ನಿನ ಸದ್ದಿನೊಳಗೆ, ಇಟ್ಟರು.

ಎರಡು ವರ್ಷದ ಮೇಲೆ ನಾವು ಬೆಂಗಳೂರಿಗೆ ಬಂದೆವು; ಆಂಟಿ ತೀರಿಕೊಂಡದ್ದು ಆಮೇಲೆ. ತನ್ನನ್ನೂ ಗೋಡೆಯ ಹೊರಗೇ ಮಣ್ಣು ಮಾಡಿ ಎಂದು ಆಂಟಿ ಕೊನೆಯವರೆಗೂ ಹೇಳುತ್ತಿದ್ದರಂತೆ. ಹಾಗೆ ಮಾಡಲಾಗುವುದಿಲ್ಲವಲ್ಲ... ಅವರನ್ನು ಒಳಗೆ, ಗಂಡನ ಪಕ್ಕದಲ್ಲಿ, ಎಲ್ಲ ಮರ್ಯಾದೆಯೊಂದಿಗೆ ಹೂಳಿದರೆಂದು ಅವರ ಮಗಳು ಫೋನಿನಲ್ಲಿ ತಿಳಿಸಿದಳು. ಆ ಮರ್ಯಾದೆಯ ಮಾತು ಕೇಳಿ ನನಗೆ ಮತ್ತೆ ಸಿಟ್ಟೇ ಬಂತು. ಯಾರು ಒಳಗೆ, ಯಾರು ಹೊರಗೆ ಎಂದು ಇವರಿಗೆ ಹೇಳಿದವರು ಯಾರು? ತಪ್ಪಾಯಿತು ಎಂಬ ಒಂದು ಮಾತು ಆ ತಾಯಿಗೆ ಯಾರೂ ಹೇಳಲಿಲ್ಲ.

ಅಣ್ಣನಿಗೆ ಅಮ್ಮ ಇಟ್ಟ ಹೆಸರು ಗೊತ್ತೇ ಎಂದು ಮಗಳನ್ನು ಕೇಳಿದೆ. "ಅಣ್ಣನಾ? ಯಾವ ಅಣ್ಣ?" ಎಂದಳು.

ನಾನು ಹೆಸರು ಹೇಳಿದೆ. "ಇನ್ನೊಮ್ಮೆ ಹೇಳಿ," ಎಂದಳು.