ಮೂರು ರೇಡಿಯೊ, ಒಂದೇ ಮುಚ್ಚಳ

ನನ್ನ ರೇಡಿಯೊಗೆ ಮುಚ್ಚಳವಿರಲಿಲ್ಲ. ವಾರದಲ್ಲಿ ಐದು ದಿನ ಅದರ ಬೆನ್ನು ಬಯಲಾಗಿಯೇ ಇರುತ್ತಿತ್ತು. ಸೆಲ್ಲುಗಳು ಉರುಳಿ ಬೀಳದಿರಲೆಂದು ಹಳೆಯ ಪರಕರದ ಲಾಡಿಯಿಂದ ಬಿಗಿದು ಕಟ್ಟಿದ್ದೆ. ಇದು ಎಪ್ಪತ್ತರ ದಶಕದ ಮಾತು. ವಿಜಯಪುರದ ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿ ಆಗಷ್ಟೇ ಸಂಸಾರ ಹೂಡಿದ್ದೆವು. ಗಂಡ ಹೈಸ್ಕೂಲಿನಲ್ಲಿ ಮಾಸ್ತರ. ಬೆಳಿಗ್ಗೆ ಹೋದರೆ ಬರುವುದು ಸಂಜೆಗೇ. ಅಲ್ಲಿಯವರೆಗೆ ಮನೆಯಲ್ಲಿ ಮಾತಾಡುವ ಜೀವವೆಂದರೆ ಆ ರೇಡಿಯೊ ಒಂದೇ.

ಅದನ್ನು ಮದುವೆಯಲ್ಲಿ ಅಪ್ಪ ಕೊಟ್ಟಿದ್ದರು. ಆಗ ರೇಡಿಯೊ ಇಟ್ಟುಕೊಳ್ಳುವವರು ಅಂಚೆ ಕಚೇರಿಯಲ್ಲಿ ಲೈಸನ್ಸ್ ಮಾಡಿಸಬೇಕಿತ್ತು. ಅಪ್ಪ ಅದನ್ನೂ ನನ್ನ ಹೆಸರಿನಲ್ಲೇ ಮಾಡಿಸಿ, ಸಣ್ಣದೊಂದು ಪುಸ್ತಕವನ್ನು ಕೈಗಿಟ್ಟಿದ್ದರು. ಅದರಲ್ಲಿ ರೇಡಿಯೊದ ನಂಬರು ಬರೆದಿತ್ತು. ಅದೇ ನಂಬರಿನ ಚೀಟಿ ಹಿಂದಿನ ಮುಚ್ಚಳದ ಒಳಮೈಗೂ ಅಂಟಿಕೊಂಡಿತ್ತು. ಎರಡೂ ತಾಳೆಯಾದರೆ ರೇಡಿಯೊ ನಿಮ್ಮದು, ಆಗದಿದ್ದರೆ ತಪಾಸಣೆಗೆ ಬಂದವರು ಹೊತ್ತುಕೊಂಡು ಹೋಗುತ್ತಾರೆ ಎಂದು ಊರೆಲ್ಲ ಹೆದರಿತ್ತು.

ನನ್ನ ರೇಡಿಯೊ ನೋಡಿದ ಮೇಲೆ ಟಿಕೋಟಾದ ಅತ್ತೆ ಅಂಥದೇ ಒಂದನ್ನು ಅದೇ ಅಂಗಡಿಯಿಂದ ತರಿಸಿಕೊಂಡರು. ಅವರದನ್ನು ನೋಡಿ ಬಬಲೇಶ್ವರಕ್ಕೆ ಕೊಟ್ಟಿದ್ದ ನಾದಿನಿಯೂ ತರಿಸಿಕೊಂಡಳು. ಬಣ್ಣ ಕೂಡ ಒಂದೇ. ಲೈಸನ್ಸ್ ಮಾತ್ರ ಇಬ್ಬರೂ ಮಾಡಿಸಲಿಲ್ಲ. ಗಂಡ ಕೇಳಿದ್ದಕ್ಕೆ ಅತ್ತೆಯ ಬಳಿ ಉತ್ತರ ಸಿದ್ಧವಿತ್ತು.

“ರೇಶನ್ ಕಾರ್ಡು ಮನಿಗೆ ಒಂದ ಐತಿಲ್ಲೋ? ಇದೂ ಹಂಗ. ಮತ್ತ ಹಾಡು ಗಾಳ್ಯಾಗ ಬರ್ತಾವ. ಗಾಳಿಗೆ ಯಾರ ಅಪ್ಪಣಿ ಬೇಕು?”

ಮಗಳು ಮದುವೆಯಾಗಿ ಬೇರೆ ಮನೆಯ ರೇಶನ್ ಕಾರ್ಡು ಸೇರಿದ್ದಾಳೆಂದು ಅವರಿಗೆ ನೆನಪಿಸುವ ಧೈರ್ಯ ಯಾರಿಗೂ ಬರಲಿಲ್ಲ.

“ನಂಬರಿಗೆ ಏನ್ ಮಾಡ್ತಿ, ಯವ್ವಾ?” ಎಂದರು ಗಂಡ.

ಅತ್ತೆ ನನ್ನ ರೇಡಿಯೊವನ್ನು ಬೋರಲು ಹಾಕಿ, ನಾಲ್ಕಾಣೆಯಿಂದ ತಿರುಪು ತೆಗೆದು, ಮುಚ್ಚಳವನ್ನು ಕಿತ್ತು ತಮ್ಮ ರೇಡಿಯೊಗೆ ಹಾಕಿದರು. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. “ನೋಡು, ನಂಬರ್ ಬಂತು” ಎಂದರು. ಉಳಿದೆರಡು ಮುಚ್ಚಳಗಳು ಕಣ್ಣಿಗೆ ಬಿದ್ದರೆ ಕೆಲಸ ಕೆಟ್ಟೀತೆಂದು ಅವನ್ನು ಜೋಳದ ಚೀಲದ ತಳಕ್ಕೆ ಸೇರಿಸಿದರು.

ಅಂದಿನಿಂದ ನನ್ನ ಮುಚ್ಚಳಕ್ಕೆ ತಿರುಗಾಟ ಶುರುವಾಯಿತು. ಟಿಕೋಟಾದಲ್ಲಿ ತಪಾಸಣೆಯ ಸುದ್ದಿ ಹುಟ್ಟಿದರೆ ಟಿಕೋಟಾಕ್ಕೆ, ಬಬಲೇಶ್ವರದಲ್ಲಿ ಹುಟ್ಟಿದರೆ ಬಬಲೇಶ್ವರಕ್ಕೆ. ಮುಚ್ಚಳ, ಪುಸ್ತಕ ಎರಡನ್ನೂ ಅರಿವೆಯಲ್ಲಿ ಕಟ್ಟಿ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟುಬಿಡುವುದು. ಯಾರ ಮನೆಯ ಪಾತ್ರೆಯನ್ನೂ ಬರಿದಾಗಿ ತಿರುಗಿಸಬಾರದೆಂಬುದು ನಮ್ಮ ಕಡೆಯ ರೂಢಿ. ಅತ್ತೆಯ ಕಣ್ಣಿಗೆ ಮುಚ್ಚಳವೂ ಪಾತ್ರೆಯೇ. ಹೀಗಾಗಿ ಅದರಲ್ಲಿ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ ಪೊಟ್ಟಣವೋ, ನಾದಿನಿ ಬಡಿದ ಸಜ್ಜೆ ರೊಟ್ಟಿಯೋ ಇದ್ದೇ ಇರುತ್ತಿತ್ತು. ಜೊತೆಗೆ ಕಂಡಕ್ಟರನ ಬಾಯಲ್ಲಿ ಎಮ್ಮೆ ಈದದ್ದು, ಯಾರಿಗೋ ಹೆಣ್ಣು ನೋಡಿದ್ದು, ಅತ್ತೆಯ ಮೊಣಕಾಲು ನೋವು, ಎಲ್ಲ ಬರುತ್ತಿದ್ದವು.

ನನಗೆ ಅದರಿಂದ ಸಂತೋಷವೇನೂ ಆಗುತ್ತಿರಲಿಲ್ಲ, ಮೈ ಉರಿಯುತ್ತಿತ್ತು. ಅಪ್ಪ ಕೊಟ್ಟ ರೇಡಿಯೊ, ನನ್ನ ಹೆಸರಿನ ಲೈಸನ್ಸ್, ಆದರೆ ಲಾಡಿ ಕಟ್ಟಿಕೊಂಡು ಕೇಳಬೇಕಾದವಳು ನಾನು. ನಾಟಕದ ನಡುವೆ ಲಾಡಿ ಸಡಿಲಾಗಿ ಸೆಲ್ಲು ಉರುಳಿ ಮಂಚದ ಕೆಳಗೆ ಹೋಗುತ್ತಿತ್ತು. ಹುಡುಕಿ ತಂದು ಹಾಕುವಷ್ಟರಲ್ಲಿ ನಾಯಕಿ ಸತ್ತೇ ಹೋಗಿರುತ್ತಿದ್ದಳು. ಹೇಗಾದರೂ ಮಾಡಿ ನನ್ನ ಮುಚ್ಚಳ ಕಾಯಂ ನನ್ನ ಮನೆಯಲ್ಲೇ ಇರಬೇಕು, ಅಷ್ಟೇ ನನ್ನ ಹಟ.

ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಸಣಕಲು ಮೈಯ, ಸಾಧು ಮುಖದ ಒಬ್ಬರು ಅರಿವೆಯ ಗಂಟು ಹಿಡಿದು ನಿಂತಿದ್ದರು.

“ಮಾಸ್ತರ ಮನಿ ಇದ ಅಲ್ರಿ? ಬಬಲೇಶ್ವರದ ಬಸ್ಸಿನ ಕಂಡಕ್ಟರ ಇದನ್ನ ಕೊಟ್ಟಾನ. ನಾ ಈ ಕಡೀನ ಬರಾಂವ ಇದ್ದೆ.”

“ಭಾಳ ಉಪಕಾರ ಆತ್ರಿ ಅಣ್ಣಾರ. ಒಳಗ ಬರ್ರಿ, ಚಾ ಕುಡದ ಹೋಗ್ರಿ.”

ಚಹಾಕ್ಕೆ ಇಟ್ಟು ಗಂಟು ಬಿಚ್ಚಿದೆ. ಹಿಂಡಿಯನ್ನು ಡಬ್ಬಿಗೆ ಸುರಿದು, ಮುಚ್ಚಳವನ್ನು ಸೆರಗಿನಿಂದ ಒರೆಸಿ, ಲಾಡಿ ಬಿಚ್ಚಿ, ರೇಡಿಯೊಗೆ ಕೂರಿಸಿದೆ. ತಿರುಪು ಬಿಗಿಯಲು ನಾಣ್ಯ ಹುಡುಕುತ್ತಿದ್ದರೆ ಆ ಪುಣ್ಯಾತ್ಮರು ತಮ್ಮ ಕಿಸೆಯಿಂದಲೇ ತೆಗೆದುಕೊಟ್ಟರು.

“ಮುಚ್ಚಳ ಬ್ಯಾರೆ ಊರಿಂದ ಯಾಕ ಬರ್ತೈತ್ರಿ?” ಎಂದು ಕೇಳಿದರು.

ಅದನ್ನು ಕೇಳುವವರಿಗಾಗಿ ನಾನು ಎಷ್ಟು ದಿನದಿಂದ ಕಾದಿದ್ದೆನೋ. ರೇಶನ್ ಕಾರ್ಡಿನಿಂದ ಹಿಡಿದು ಜೋಳದ ಚೀಲದವರೆಗೆ ಒಂದೂ ಬಿಡದೆ ಹೇಳಿದೆ. ಅತ್ತೆಗೆ ಬಯ್ದೆ, ನಾದಿನಿಗೆ ಬಯ್ದೆ. ಅವರು ಪಾಪ, ಹೂಂಗುಟ್ಟುತ್ತ ಕೇಳಿದರು. ಹೊಟ್ಟೆ ಹಗುರಾದ ಮೇಲೆ ಮರ್ಯಾದೆಗೆಂದು ಕೇಳಿದೆ:

“ನೀವು ಎಲ್ಲಿ ಕೆಲಸಕ್ಕ ಅದೀರಿ?”

“ರೇಡಿಯೊ ಲೈಸನ್ಸ್ ತಪಾಸಣಾ ಮಾಡ್ತೇನ್ರಿ.”

ಒಲೆಯ ಮೇಲೆ ಚಹಾ ಉಕ್ಕಿ ಹರಿಯಿತು. ಅವರೇ ಎದ್ದು ಒಲೆ ಸಣ್ಣದು ಮಾಡಿ, ಗಂಟಿನಲ್ಲಿದ್ದ ಪುಸ್ತಕ ತೆರೆದು ಹೆಸರು ಓದಿದರು.

“ಮುಂಜಾನಿ ಬಬಲೇಶ್ವರದಾಗ ಇದ ಹೆಸರಿನವರನ್ನ ಕಂಡ ಬಂದೇನ್ರಿ. ಅವರು ನಿಮ್ಮಕಿಂತ ಸ್ವಲ್ಪ ಎತ್ತರ ಇದ್ರು.”

“ಆಕಿ ನಮ್ಮ ನಾದಿನಿರಿ” ಎಂದೆ. “ರೇಡಿಯೊ ಒಯ್ತೀರೇನ್ರಿ?”

“ನಿಮ್ಮದ್ಯಾಕ ಒಯ್ಯಲ್ರಿ? ಪುಸ್ತಕ ನಿಮ್ಮದ, ಮುಚ್ಚಳ ನಿಮ್ಮದ. ಆದ್ರ ಇನ್ನ ಇದು ಈ ಮನಿ ಬಿಟ್ಟು ಹೊರಗ ಹೋಗಬಾರದು. ಉಳಿದ ಎರಡಕ್ಕ ಒಂದ ತಿಂಗಳದಾಗ ಲೈಸನ್ಸ್ ಆಗ್ಬೇಕು. ಇಲ್ಲಂದ್ರ ಅವನ್ನ ಒಯ್ತೇನಿ.”

ಉಳಿದ ಚಹಾ ಕುಡಿದು, ತಮ್ಮ ನಾಣ್ಯ ನೆನಪಿನಿಂದ ಕೇಳಿ ಇಸಿದುಕೊಂಡು ಹೋದರು. ಆಮೇಲೆ ತಿಳಿಯಿತು. ಅವರು ಬಬಲೇಶ್ವರದ ಮನೆಯಿಂದ ಹೊರಬಿದ್ದ ಕೂಡಲೇ, ಮುಂದೆ ವಿಜಯಪುರಕ್ಕೇ ಬರುತ್ತಾರೆಂದು ಊಹಿಸಿ, ನನ್ನನ್ನು ಉಳಿಸಲೆಂದೇ ನಾದಿನಿ ಓಡೋಡಿ ಹೋಗಿ ಬಸ್ಸಿಗೆ ಗಂಟು ಕೊಟ್ಟಿದ್ದಳು. ತಪಾಸಣೆಯವರೂ ಅದೇ ಬಸ್ಸಿನಲ್ಲಿದ್ದರು.

ಸುದ್ದಿ ಕೇಳಿ ಅತ್ತೆ ಎರಡು ದಿನ ಮುನಿಸಿಕೊಂಡರು. ಮೂರನೆಯ ದಿನ ಊರಿಂದ ಬಂದು, ನನ್ನನ್ನು ಜೊತೆಗೆ ಕರೆದುಕೊಂಡು ಅಂಚೆ ಕಚೇರಿಗೆ ಹೋದರು. ಗುಮಾಸ್ತ ಯಾರ ಹೆಸರಿನಲ್ಲಿ ಎಂದು ಕೇಳಿದಾಗ ಮಗನ ಹೆಸರು ಹೇಳುತ್ತಾರೆಂದುಕೊಂಡಿದ್ದೆ. “ನನ್ನ ಹೆಸರಿಲೇ ಬರೀರಿ” ಎಂದರು. ನಾದಿನಿಯೂ ಮಾಡಿಸಿದಳು. ಜೋಳದ ಚೀಲದಿಂದ ಮುಚ್ಚಳಗಳು ಹೊರಬಂದವು.

ನಾನು ಗೆದ್ದಿದ್ದೆ. ಲಾಡಿಯನ್ನು ಪರಕರಕ್ಕೆ ಏರಿಸಿದೆ. ನಾಟಕಗಳನ್ನು ಮೊದಲಿಂದ ಕೊನೆಯವರೆಗೆ ಕೇಳಿದೆ. ನಾಯಕಿಯರು ನನ್ನ ಕಣ್ಣೆದುರೇ ಸತ್ತರು. ಆದರೆ ವಾರ ಕಳೆಯಿತು, ತಿಂಗಳಾಯಿತು, ಯಾವ ಗಂಟೂ ಬರಲಿಲ್ಲ. ಕಳಿಸಲು ಅವರಿಗಾದರೂ ಏನು ನೆಪವಿತ್ತು? ಡಬ್ಬಿಯಲ್ಲಿ ಹಿಂಡಿ ಮುಗಿಯಿತು. ಅತ್ತೆಯ ಮೊಣಕಾಲು ಹೇಗಿದೆಯೆಂದು ಹೇಳುವವರಿರಲಿಲ್ಲ. ರೇಡಿಯೊ ದಿನವಿಡೀ ಮಾತಾಡುತ್ತಿತ್ತು, ನನಗೆ ಬೇಕಾದ ಸುದ್ದಿ ಒಂದನ್ನೂ ಹೇಳುತ್ತಿರಲಿಲ್ಲ. ನನಗೆ ಬೇಸರವಾಗಿತ್ತು. ಅವರಿಬ್ಬರೂ ಬೇಕೆನಿಸಿತ್ತು.

ಕೊನೆಗೊಂದು ದಿನ ಮುಚ್ಚಳ ಬಿಚ್ಚಿ, ಅದರಲ್ಲಿ ಸಿಹಿ ಮಾದಲಿಯ ಪೊಟ್ಟಣವಿಟ್ಟು, ಅರಿವೆಯಲ್ಲಿ ಕಟ್ಟಿ ಗಂಡನ ಕೈಗೆ ಕೊಟ್ಟೆ.

“ಟಿಕೋಟಾ ಬಸ್ಸಿಗೆ ಕೊಟ್ಟ ಬರ್ರಿ.”

“ಲೈಸನ್ಸ್ ಎಲ್ಲಾರದೂ ಆಗೇತಿ. ಇದನ್ನ್ಯಾಕ ಕಳಸ್ತಿ?”

“ಗೊತ್ತೈತ್ರಿ. ಕೊಟ್ಟ ಬರ್ರಿ.”

ಎರಡನೆಯ ದಿನ ಗಂಟು ತಿರುಗಿ ಬಂತು. ಒಳಗೆ ಹಿಂಡಿ, ಅದರ ಕೆಳಗೆ ಮುಚ್ಚಳ. ಸೆರಗಿನಿಂದ ಒರೆಸುವಾಗ ಒಳಗಿನ ಚೀಟಿ ಕಣ್ಣಿಗೆ ಬಿತ್ತು. ನನ್ನ ನಂಬರಲ್ಲ, ಅತ್ತೆಯದು. ನನ್ನದನ್ನು ಅವರು ಬಬಲೇಶ್ವರಕ್ಕೆ ಕಳಿಸಿ, ನಾದಿನಿಯದನ್ನು ತಾವು ತರಿಸಿಕೊಂಡಿದ್ದರೆಂದು ಕಂಡಕ್ಟರ ಹೇಳಿದ್ದ. ಈಗ ತಪಾಸಣೆಯವರು ಬಂದರೆ ಲೈಸನ್ಸ್ ಇದ್ದೂ ನಾವು ಮೂವರೂ ಕಳ್ಳರೇ.

ಅತ್ತೆಯ ಮುಚ್ಚಳವನ್ನು ಹಾಕಿ, ತಿರುಪು ಬಿಗಿದು, ರೇಡಿಯೊ ಹಚ್ಚಿದೆ.