ಅಂದಾನೆಪ್ಪನ ‘ಹೌದು’

ಕುಬಿಹಾಳದಿಂದ ಮೂರು ಮೈಲಿ ಆಚೆಯ ಊರೊಂದರಲ್ಲಿ ಅಂದಾನೆಪ್ಪ ಎಂಬ ವಾಲೀಕಾರನಿದ್ದ. ತಲಾಟಿಯ ದಫ್ತರ ಹೊರುವುದು, ಡಂಗುರ ಸಾರುವುದು, ನೋಟೀಸು ಮುಟ್ಟಿಸುವುದು, ದಿಕ್ಕಿಲ್ಲದ ಹೆಣ ಸಿಕ್ಕರೆ ಪೊಲೀಸರು ಬರುವ ತನಕ ಕಾಯುವುದು, ಇಷ್ಟು ಅವನ ಚಾಕರಿ. ದಲಿತ ಕೇರಿಯ ಆ ಮನೆತನಕ್ಕೆ ಅದು ಅಜ್ಜಂದಿರ ಕಾಲದಿಂದ ಬಂದದ್ದು. ಚಾಕರಿಯ ಜೊತೆಗೆ ಇನ್ನೊಂದು ಬಂದಿತ್ತು, ಅದು ಕಣ್ಣು.

ಅವನ ಅಪ್ಪ ರಾಮಪ್ಪ ಹೆಜ್ಜೆ ನೋಡಿ ಕಳ್ಳನನ್ನು ಹಿಡಿಯುತ್ತಿದ್ದ. ಕಳವಾದ ಮನೆಯ ಹಿತ್ತಿಲಲ್ಲಿ ಮೂಡಿದ ಪಾದದ ಮೇಲೆ ಬುಟ್ಟಿ ಬೋರಲು ಹಾಕಿಸಿ, ಊರ ಗಂಡಸರನ್ನೆಲ್ಲ ಒಬ್ಬೊಬ್ಬರನ್ನಾಗಿ ಎರೆಮಣ್ಣಿನ ಮೇಲೆ ನಡೆಸಿ, ಕೊನೆಗೆ ಒಬ್ಬನ ಮುಂದೆ ನಿಂತು ಬಿಡುತ್ತಿದ್ದನಂತೆ. ಮಗನ ಕಣ್ಣು ಇನ್ನೂ ಚೂಪು. ಮೆಣಸಿನಕಾಯಿ ಕೈಯಲ್ಲಿ ಹಿಡಿದು ಯಾರ ಹೊಲದ್ದೆಂದು ಹೇಳುತ್ತಿದ್ದ. ಹುಬ್ಬಳ್ಳಿಯ ದನದ ಸಂತೆಯಲ್ಲಿ ಕೊಂಬು ಹೆರೆದು ಬಣ್ಣ ಬಳಿದು ನಿಲ್ಲಿಸಿದ ಎತ್ತನ್ನು, ಅದು ಮೇವು ಮೆಲ್ಲುವ ರೀತಿ ನೋಡಿ, ಬಮ್ಮಿಗಟ್ಟಿಯಲ್ಲಿ ಕಳವಾದದ್ದು ಇದೇ ಎಂದು ಹೇಳಿದ್ದ. ಒಮ್ಮೆ ಬೆಣ್ಣಿಹಳ್ಳಕ್ಕೆ ಮಹಾಪೂರ ಬಂದಾಗ ಹೆಣ್ಣುಮಗಳೊಬ್ಬಳ ಹೆಣ ಜಾಲಿಮುಳ್ಳಿಗೆ ಸಿಕ್ಕಿತ್ತು. ಮುಖ ಉಳಿದಿರಲಿಲ್ಲ. ಅಂದಾನೆಪ್ಪ ಮುಂಗೈ ಹೊರಳಿಸಿ ಹಚ್ಚೆ ನೋಡಿ, “ಈ ಕೈ ಅಣ್ಣಿಗೇರಿ ಕಡೇದ್ರಿ. ನಮ್ಮ ಕಡೆ ಹಿಂಗ ಚುಕ್ಕಿ ಚುಚ್ಚೂದಿಲ್ಲ,” ಎಂದ. ಫೌಜದಾರರು ಅಣ್ಣಿಗೇರಿಗೆ ಹೇಳಿ ಕಳಿಸಿದರು. ಮೂರನೆಯ ದಿನ ಅವಳ ಅಣ್ಣ ಬಂದು ಅಳುತ್ತ ಹೆಣ ಒಯ್ದ.

ಹೀಗಾಗಿ ಹೊಲ ಮನೆ ಖರೀದಿಯಾದಾಗಲೆಲ್ಲ ರಜಿಸ್ಟರ್ ಕಚೇರಿಯಲ್ಲಿ ಗುರುತು ಹೇಳಲು ಅಂದಾನೆಪ್ಪ ಬೇಕಾಗುತ್ತಿದ್ದ. ಕಾಗದದ ಮೇಲೆ ಹೆಬ್ಬೆಟ್ಟು ಒತ್ತುವವರು ನಿಜವಾಗಿ ಅವರೇ ಹೌದೋ ಅಲ್ಲವೋ ಎಂದು ಹೇಳಲು ಇಬ್ಬರು ಬೇಕು. ಅವರಲ್ಲಿ ಒಬ್ಬ ಯಾವಾಗಲೂ ಅವನು. ಊರಲ್ಲಿ ಗೌಡರ ಕಟ್ಟೆಯ ಕೆಳಗೆ ನಿಂತು ಮಾತಾಡುವವನನ್ನು ಕಚೇರಿಯಲ್ಲಿ ಒಳಗೆ ಕರೆಯುತ್ತಿದ್ದರು. ಸಾಹೇಬರು ತಲೆಯೆತ್ತಿ, “ಏನಪಾ, ಇವರು ಅವರ ಹೌದಲ್ಲ?” ಎಂದು ಕೇಳುತ್ತಿದ್ದರು. ಅವನು “ಹೌದ್ರಿ” ಎನ್ನುವವರೆಗೆ ಎಂಥ ಗೌಡನೂ ಗೌಡನಲ್ಲ. ಆ ಒಂದು ಕ್ಷಣಕ್ಕಾಗಿ ಅಂದಾನೆಪ್ಪ ಹಿಂದಿನ ದಿನವೇ ಧೋತರ ಒಗೆಸಿ ಇಡುತ್ತಿದ್ದ. ಸಹಿ ಮಾಡುವುದನ್ನೂ ಕಲಿತಿದ್ದ. ನಾಲ್ಕಕ್ಷರ ಬರೆಯಲು ಅರ್ಧ ತಾಸು ಹಿಡಿಯುತ್ತಿತ್ತೆಂದು ಗುಮಾಸ್ತರು ನಗುತ್ತಿದ್ದರು. ಅವನೂ ನಗುತ್ತಿದ್ದ.

೧೯೮೧ರ ಸುಗ್ಗಿ ಮುಗಿದಿತ್ತು. ಒಂದು ಮುಂಜಾನೆ ಶಂಭುಲಿಂಗಪ್ಪಗೌಡ ಅವನನ್ನು ಕರೆಸಿ, ಎಂದೂ ಇಲ್ಲದ್ದು, ಕಟ್ಟೆಯ ತುದಿಗೆ ಕೂರಿಸಿದ.

“ನಿಮ್ಮ ಚಾಕರಿ ಹೊಲದ ಅರ್ಜಿ ಎಲ್ಲಿಗೆ ಬಂತು?” ಎಂದು ಕೇಳಿದ.

ಆ ಮೂರು ಎಕರೆ ಅಜ್ಜಂದಿರ ಕಾಲದಲ್ಲಿ ಚಾಕರಿಗೆಂದು ಬಿಟ್ಟ ಹೊಲ. ಹಳೆಯ ವತನದ ಪದ್ಧತಿ ಹೋದ ಮೇಲೆ ಅದನ್ನು ಸರಕಾರ ಮರಳಿ ಅವರ ಹೆಸರಿಗೆ ಮಾಡಿಕೊಡಬೇಕಿತ್ತು. ‘ಇದು ಇವರದೇ, ಇವರೇ ಸಾಗುವಳಿ ಮಾಡುತ್ತ ಬಂದವರು’ ಎಂದು ಊರ ಹಿರಿಯರು ಪಂಚರಾಗಿ ಹೇಳಿಕೆ ಕೊಡಬೇಕು. ಎಂಟು ವರ್ಷದಿಂದ ಯಾರೂ ಕೊಟ್ಟಿರಲಿಲ್ಲ.

“ಅಲ್ಲೇ ಐತ್ರಿ, ಗೌಡ್ರ.”

“ನಾ ಸಹಿ ಮಾಡಿದ್ರ ಉಳದ ಮಂದೀನೂ ಮಾಡ್ತಾರ. ಅದಕ್ಕೇನ ದೊಡ್ಡ ಮಾತಲ್ಲ. ನಾಳೆ ಕಚೇರಿಗೆ ಬಾ. ಮಲ್ಲಕ್ಕ ಹೊಲಾ ನನಗ ಬರದ ಕೊಡ್ತಾಳ.”

ಮಲ್ಲಕ್ಕ ಗೌಡನ ದಾಯಾದಿ ಮಡಿವಾಳೆಪ್ಪನ ವಿಧವೆ. ಮಕ್ಕಳಿಲ್ಲ. ಹಳ್ಳದ ದಂಡೆಯ ಹನ್ನೊಂದು ಎಕರೆ ಎರೆಹೊಲವನ್ನು ಕೋರಿಗೆ ಹಚ್ಚಿ, ಬೆಳೆಯಲ್ಲಿ ಪಾಲು ಪಡೆದು ಬದುಕುತ್ತಿದ್ದಳು. ಅವಳು ಈಗ ಊರಲ್ಲಿಲ್ಲ, ಅಣ್ಣನಿಗೆ ಜಡ್ಡೆಂದು ಬಮ್ಮಿಗಟ್ಟಿಗೆ ಹೋಗಿ ತಿಂಗಳಾಯಿತು ಎಂಬುದು ಅಂದಾನೆಪ್ಪನಿಗೆ ಗೊತ್ತಿತ್ತು.

“ಮಲ್ಲಕ್ಕವ್ವಾರು ಬರ್ತಾರೇನ್ರಿ?”

“ಮಲ್ಲಕ್ಕ ಅಂತ ಒಬ್ಬಾಕಿ ಬರ್ತಾಳ,” ಎಂದು ಗೌಡ ಎಲೆಗೆ ಸುಣ್ಣ ಹಚ್ಚಿಕೊಂಡ. “ನೀ ದಿನಾ ಅನ್ನೂದನ್ನ ಅನ್ನು. ಹೆಚ್ಚಿಂದೇನೂ ಅನಬ್ಯಾಡ.”

ಆ ದಿನವೆಲ್ಲ ಅಂದಾನೆಪ್ಪ ಹೆಂಡತಿಗೆ ಏನೂ ಹೇಳಲಿಲ್ಲ. ಹೋಗಲಾರೆ ಎಂದು ಮನಸ್ಸಿನಲ್ಲಿ ಹತ್ತು ಸಲ ಅಂದುಕೊಂಡ. ಮರುದಿನ ಧೋತರ ಉಟ್ಟು ಹೋದ.

ಗೌಡನ ಟ್ರ್ಯಾಕ್ಟರಿನಲ್ಲಿ ಬಂದಿಳಿದ ಹೆಂಗಸು ಮಿಶ್ರಿಕೋಟಿ ಕಡೆಯವಳೆಂದು ನಡಿಗೆಯಲ್ಲೇ ತಿಳಿಯುತ್ತಿತ್ತು. ಆ ಕಡೆಯ ಗದ್ದೆಯ ಬದುವಿನ ಮೇಲೆ ನಡೆದವರು ಹೆಜ್ಜೆಯ ಮುಂದೆ ಹೆಜ್ಜೆ ಇಡುತ್ತಾರೆ. ವಯಸ್ಸು ಸುಮಾರು ಮಲ್ಲಕ್ಕನದೇ. ಸೆರಗು ಹಣೆಯ ತನಕ ಇಳಿದಿತ್ತು. ಸಾಹೇಬರು ಹೆಸರು ಕೇಳಿದಾಗ ಕಲಿಸಿದ್ದನ್ನು ಒಪ್ಪಿಸಿದಳು. ಗೌಡನ ಆಳು ಈರಬಸಪ್ಪ ಮೊದಲು ಹೌದೆಂದ. ಆಮೇಲೆ ಸಾಹೇಬರು ಅಂದಾನೆಪ್ಪನ ಕಡೆ ತಿರುಗಿದರು.

ಅವನು ಅವಳ ಮುಖ ನೋಡಲಾರದೆ ಕಾಲು ನೋಡಿದ. ಕಾಲ್ಬೆರಳಿನ ಸುತ್ತ ಬೆಳ್ಳಗೆ ಒಂದು ಗೆರೆ ಇತ್ತು. ಆ ಮುಂಜಾನೆಯೇ ಕಾಲುಂಗುರ ತೆಗೆಸಿದ್ದರು. ಮಡಿವಾಳೆಪ್ಪ ಸತ್ತು ಹದಿನಾಲ್ಕು ವರ್ಷವಾಗಿತ್ತು.

“ಏನಪಾ, ಇವರು ಮಲ್ಲಕ್ಕ ಹೌದಲ್ಲ?”

“ಹೌದ್ರಿ, ಸಾಹೇಬ್ರ.”

ದಿನಾ ಅನ್ನುವ ಹಾಗೆಯೇ ಅಂದ. ದನಿಯೂ ನಡುಗಲಿಲ್ಲ. ತನ್ನ ದನಿ ನಡುಗಲಿಲ್ಲವಲ್ಲ ಎಂಬುದೇ ಅವನನ್ನು ಹೆಚ್ಚು ಹೆದರಿಸಿತು.

ಮಲ್ಲಕ್ಕ ಅಣ್ಣನ ದಿನಕರ್ಮ ಮುಗಿಸಿ ಊರಿಗೆ ಬಂದಾಗ ಅವಳ ಹೊಲದಲ್ಲಿ ಗೌಡನ ಆಳುಗಳು ಕುಂಟೆ ಹೊಡೆಯುತ್ತಿದ್ದರು. ಕೋರಿನವನನ್ನು ಓಡಿಸಿದ್ದರು. ತಲಾಟಿ ಕಾಗದ ತೋರಿಸಿದ. ಅವಳಿಗೆ ಓದಲು ಬರುತ್ತಿರಲಿಲ್ಲ. ಗುರುತು ಹೇಳಿದವರ ಹೆಸರು ಓದಿಸಿ ಕೇಳಿದಳು. ಅಲ್ಲಿಂದ ಸೀದಾ ಕೇರಿಗೆ ಬಂದಳು. ಆಕೆಯ ಜಾತಿಯ ಹೆಂಗಸರು ಆ ಓಣಿಗೆ ಕಾಲಿಡುತ್ತಿರಲಿಲ್ಲ. ಅಂದಾನೆಪ್ಪನ ಅಂಗಳದಲ್ಲಿ ನಿಂತು ಸೆರಗು ತಲೆಯಿಂದ ಹಿಂದಕ್ಕೆ ಎಳೆದುಕೊಂಡು, “ಅಂದಾನೆಪ್ಪಾ, ಕಣ್ಣ ಬಿಟ್ಟ ನೋಡು. ನಾ ಯಾರು? ಹೇಳು,” ಎಂದಳು.

ಅವನು ಅವಳ ಕಾಲುಗಳನ್ನೇ ನೋಡುತ್ತ ನಿಂತ.

“ನಿನಗ ಗೊತ್ತಿಲ್ಲಂದ್ರ ಮತ್ಯಾರಿಗೆ ಗೊತ್ತೋ? ಸತ್ತ ಹೆಣದ ಕೈ ನೋಡಿ ಹೆಸರ ಹಚ್ಚಾಂವ ನೀನು. ನಾ ಇನ್ನೂ ಸತ್ತಿಲ್ಲಲ್ಲೋ!”

ಅವಳು ಹೋದ ಮೇಲೆ ಹೆಂಡತಿ ಫಕೀರವ್ವ ಕೇಳಿದಳು, ಅವನು ಹೇಳಿದ. ಅವಳು “ಮೂರ ಎಕರೇಕ,” ಎಂದಷ್ಟೇ ಅಂದಳು.

ಮೂರು ಎಕರೆಯೂ ಬರಲಿಲ್ಲ. ಗೌಡ ಇವತ್ತು ನಾಳೆ ಎನ್ನುತ್ತ ಎರಡು ವರ್ಷ ದೂಡಿದ. ಕೊನೆಗೆ ಪಂಚನಾಮೆಯ ದಿನ ಊರಲ್ಲೇ ಇರಲಿಲ್ಲ. ಬೇರೆ ಹಿರಿಯರು ಬಾಯಿ ಬಿಡಲಿಲ್ಲ. ಅರ್ಜಿ ಬಿದ್ದುಹೋಯಿತು. ಆ ಸಂಜೆ ಅಂದಾನೆಪ್ಪ ಮಲ್ಲಕ್ಕನ ಮನೆಯ ಮುಂದೆ ಹೋಗಿ ನಿಂತು, “ಕೋರ್ಟಿನ್ಯಾಗ ನಾ ಖರೇ ಹೇಳ್ತೇನ್ರಿ ಯವ್ವಾ,” ಎಂದ. ಹೊಲ ಬಾರದ ಸಿಟ್ಟಿಗೆ ಹೇಳಿದನೋ, ಪಾಪದ ಭಯಕ್ಕೆ ಹೇಳಿದನೋ, ಅವನಿಗೇ ತಿಳಿದಿರಲಿಲ್ಲ. ಯಾರ ಒಳಗನ್ನಾದರೂ ಓದಬಲ್ಲೆನೆಂದು ಬೀಗುತ್ತಿದ್ದವನಿಗೆ ತನ್ನ ಒಳಗಿನ ಹೆಜ್ಜೆ ಮಾತ್ರ ಸಿಗಲಿಲ್ಲ.

ಮಲ್ಲಕ್ಕ ಅಷ್ಟರಲ್ಲಾಗಲೇ ದಾವೆ ಹೂಡಿದ್ದಳು. ಅವಳ ವಕೀಲರು ಕುಬೇರಪ್ಪನವರು ಹೆಬ್ಬೆಟ್ಟಿನ ಮೇಲೆ ಭರವಸೆ ಇಟ್ಟಿದ್ದರು. “ಮನುಷ್ಯಾರ ಬಾಯಿ ಸುಳ್ಳ ಹೇಳ್ತೈತಿ, ಬೆರಳ ಹೇಳೂದಿಲ್ಲವ್ವಾ. ಜಗತ್ತಿನ್ಯಾಗ ಒಬ್ಬರಂಥಾ ಗೆರಿ ಇನ್ನೊಬ್ಬರಿಗಿಲ್ಲ,” ಎಂದಿದ್ದರು. ಕಾಗದವನ್ನೂ ಅವಳ ಹೊಸ ಹೆಬ್ಬೆಟ್ಟನ್ನೂ ತಜ್ಞರಿಗೆ ಕಳಿಸಿದರು. ಹನ್ನೊಂದು ತಿಂಗಳ ಮೇಲೆ ಉತ್ತರ ಬಂತು. ಕಾಗದದ ಮೇಲಿನ ಹೆಬ್ಬೆಟ್ಟಿಗೆ ಮಸಿ ಹೆಚ್ಚಾಗಿ, ಒತ್ತುವಾಗ ಬೆರಳು ಜಾರಿ, ಗೆರೆಗಳೆಲ್ಲ ಕಲಸಿಹೋಗಿವೆ; ಅಭಿಪ್ರಾಯ ಕೊಡಲಾಗುವುದಿಲ್ಲ ಎಂದು. ಬೆರಳು ಹಿಡಿದು ಒತ್ತಿಸಿದವನು ಈರಬಸಪ್ಪ. ತನ್ನ ಕೆಲಸ ಅವನು ಅಚ್ಚುಕಟ್ಟಾಗಿ ಮಾಡಿದ್ದ. ಬಮ್ಮಿಗಟ್ಟಿಯ ಅತ್ತಿಗೆ ಬಂದು, ಅಂದು ಮಲ್ಲಕ್ಕ ನಮ್ಮ ಮನೆಯಲ್ಲಿದ್ದಳೆಂದು ಹೇಳಿದಳು. ಬೇಕಾದವರ ಸಾಕ್ಷಿ ಎಂದು ಅದು ಹಗುರಾಯಿತು. ಉಳಿದದ್ದು ಅಂದಾನೆಪ್ಪನ ಮಾತು.

೧೯೮೬ರ ಬೇಸಿಗೆಯಲ್ಲಿ ಅವನು ಕಟಕಟೆ ಹತ್ತಿದ. ಅಂದು ಬಂದವಳು ಮಲ್ಲಕ್ಕನಲ್ಲ, ಕಾಲ್ಬೆರಳಲ್ಲಿ ಉಂಗುರದ ಗುರುತಿತ್ತು, ನಾನು ಸುಳ್ಳು ಹೇಳಿದೆ ಎಂದ. ಗೌಡನ ವಕೀಲ ಎದ್ದು ನಿಂತ. ಸಿಟ್ಟಿಲ್ಲದೆ, ಮಕ್ಕಳನ್ನು ಮಾತಾಡಿಸುವಂತೆ ಕೇಳಿದ.

“ಈ ಸಹಿ ನಿಂದ ಹೌದೇನು?”

“ಹೌದ್ರಿ.”

“ಅವತ್ತ ಸಾಹೇಬರ ಮುಂದ ‘ಹೌದು’ ಅಂದಿ. ಇವತ್ತ ‘ಅಲ್ಲ’ ಅಂತಿ. ಯಾವುದು ಸುಳ್ಳು?”

“ಅವತ್ತಿಂದ್ರಿ.”

“ಚಾಕರಿ ಹೊಲದ ಅರ್ಜಿ ಯಾವಾಗ ಬಿದ್ದಹೋತು?”

“ಎಂಬತ್ತ ಮೂರರಾಗ್ರಿ.”

“ಆ ಹೊಲಾ ಬಂದಿದ್ರ ಇವತ್ತ ಏನ ಹೇಳ್ತಿದ್ದಿ?”

ಅಂದಾನೆಪ್ಪ ಬಾಯಿ ತೆರೆದ. ಆ ಪ್ರಶ್ನೆಗೆ ನಿಜವಾದ ಉತ್ತರ ಹುಡುಕುತ್ತಿದ್ದ; ಅದು ತಡವಾಯಿತು. ಹಿಂದೆ ಕೂತವರು ನಕ್ಕರು. “ಸಾಕು,” ಎಂದು ವಕೀಲ ಕುಳಿತ.

ತೀರ್ಪಿನಲ್ಲಿ ಅವನ ಬಗ್ಗೆ ಒಂದೇ ಸಾಲು ಇತ್ತೆಂದು ಕುಬೇರಪ್ಪನವರು ಓದಿ ಹೇಳಿದರು. ತಾನು ಸಹಿ ಮಾಡಿ ಹೇಳಿದ್ದನ್ನೇ ಅಲ್ಲಗಳೆಯುವ ಈ ಸಾಕ್ಷಿದಾರನ ಮಾತನ್ನು ಯಾವ ಕಡೆಗೂ ನಂಬಲು ಬರುವುದಿಲ್ಲ ಎಂದು. ಹೊಲ ಗೌಡನಿಗೆ ಉಳಿಯಿತು. ಮೇಲಿನ ಕೋರ್ಟಿಗೆ ಹೋಗಲು ಮಲ್ಲಕ್ಕನಲ್ಲಿ ಏನೂ ಇರಲಿಲ್ಲ. ಸುಳ್ಳು ಗುರುತು ಹೇಳಿದ್ದನ್ನು ತಾನೇ ಒಪ್ಪಿಕೊಂಡದ್ದಕ್ಕೆ ಅಂದಾನೆಪ್ಪನ ಚಾಕರಿ ಹೋಯಿತು. ಒಪ್ಪಿಕೊಳ್ಳದ ಈರಬಸಪ್ಪ ಮಂಡಲ ಪಂಚಾಯಿತಿಯ ಮೆಂಬರಾದ.

ತೀರ್ಪು ಬಂದ ಎಂಟನೆಯ ದಿನ ಮಧ್ಯಾಹ್ನ ಮಲ್ಲಕ್ಕ ಮತ್ತೆ ಕೇರಿಗೆ ಬಂದಳು. ಅಂದಾನೆಪ್ಪನ ಕಟ್ಟೆಯ ಮೇಲೆ ಕುಳಿತಳು.

“ಫಕೀರವ್ವಾ, ರೊಟ್ಟಿ ಹಾಕು.”

ಫಕೀರವ್ವ ಬೆಚ್ಚಿದಳು. “ಯವ್ವಾ, ನಮ್ಮ ಮನ್ಯಾಗರೀ?”

“ಹನ್ನೊಂದ ಎಕರೆ ಜ್ವಾಳ ನಿನ್ನ ಗಂಡ ತಿಂದಾನ. ಅದರಾಗಿಂದ ಎರಡ ರೊಟ್ಟಿ ಕೇಳಾಕ ಬಂದೇನಿ. ಬೇಡಾಕ ಬಂದಿಲ್ಲ.”

“ನಾವೂ ಏನ ತಿಂದಿಲ್ಲರೀ ಯವ್ವಾ,” ಎಂದಳು ಫಕೀರವ್ವ.

“ಅದು ನಿಮ್ಮ ಹಣೇಬಾರ. ಹಾಕು.”

ಫಕೀರವ್ವ ರೊಟ್ಟಿ, ಪುಂಡಿಪಲ್ಯ ಹಾಕಿದಳು. ಅಂದಾನೆಪ್ಪ ಎದ್ದು ಹೊರಗೆ ಹೋಗಹೊರಟಾಗ ಮಲ್ಲಕ್ಕ ತಡೆದಳು. “ನೀ ಎಲ್ಲಿ ಹೊಂಟಿ? ಎದರಿಗೆ ಕೂಡ್ರು. ಉಣ್ಣಾಕಿ ಯಾರು ಅಂತ ನೋಡು.”

ಅಂದಿನಿಂದ ಮೂರು ವರ್ಷ ಅವಳು ಹಾಗೆ ಬಂದಳು. ಬೆಳಗ್ಗೆ ಯಾರದೋ ಕಣದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವುದು, ಮಧ್ಯಾಹ್ನ ಇಲ್ಲಿ ಎರಡು ರೊಟ್ಟಿ. ಊರು ಮೊದಲು ನಕ್ಕಿತು, ಆಮೇಲೆ ಸಿಟ್ಟಿಗೆದ್ದಿತು. ಕೇರಿಯಲ್ಲಿ ಉಂಡವಳೆಂದು ಅವಳ ಮನೆಗೆ ಪೂಜೆಗೆ ಅಯ್ಯನವರು ಬರುವುದು ನಿಂತಿತು. ನೆರೆಯ ಹೆಂಗಸರು ಕೊಡ ಮುಟ್ಟಗೊಡಲಿಲ್ಲ. ತನ್ನ ಮನೆತನದ ಮರ್ಯಾದೆ ಹೋಗುತ್ತಿದೆ ಎಂದು ಶಂಭುಲಿಂಗಪ್ಪಗೌಡನೇ ಹೇಳಿಕಳಿಸಿದ. “ನಾ ಅವರ ಮನೆತನದಾಕಿ ಅಂತ ಈಗ ನೆನಪಾತೇನು?” ಎಂದು ಹೇಳಿ ಆಳನ್ನು ತಿರುಗಿ ಕಳಿಸಿದಳು.

ಅವಳು ಎಂದೂ ಒಳ್ಳೆಯ ಮಾತಾಡಲಿಲ್ಲ. ಉಪ್ಪು ಹೆಚ್ಚಾದರೆ ಬಯ್ಯುತ್ತಿದ್ದಳು. ಹಬ್ಬದ ದಿನ ಹೋಳಿಗೆ ಹಾಕಿದರೆ, “ನನ್ನ ಕಡ್ಲಿ ಆಗಿದ್ರ ಇದಕ್ಕಿಂತ ಮೆತ್ತಗ ಆಗಿರ್ತಿತ್ತು,” ಎನ್ನುತ್ತಿದ್ದಳು. ಅಂದಾನೆಪ್ಪನಿಗೆ ಜ್ವರ ಬಂದು ಮಲಗಿದಾಗಲೂ ಹಾಸಿಗೆಯಿಂದ ಎಬ್ಬಿಸಿ ಎದುರು ಕೂರಿಸಿಕೊಂಡು ಉಂಡಳು. ಕ್ಷಮಿಸಿದ್ದೇನೆಂದು ಒಂದು ದಿನವಾದರೂ ಅಂದಾಳೆಂದು ಅವನು ಕಾದ. ಆಮೇಲೆ ಕಾಯುವುದನ್ನು ಬಿಟ್ಟ. ಅವಳ ಹಲ್ಲು ಒಂದೊಂದಾಗಿ ಬಿದ್ದದ್ದು, ಕಣ್ಣಲ್ಲಿ ಪೊರೆ ಬಂದದ್ದು, ತುತ್ತು ಮುರಿಯುವ ಬೆರಳು ಡೊಂಕಾದದ್ದು ಎಲ್ಲವನ್ನೂ ದಿನದಿನವೂ ನೋಡಿದ. ಹೆಂಡತಿಯ ಮುಖವನ್ನೂ ಅವನು ಅಷ್ಟು ಹೊತ್ತು ನೋಡಿರಲಿಲ್ಲ.

೧೯೮೯ರ ಶ್ರಾವಣದಲ್ಲಿ ನಾಲ್ಕು ದಿನ ಅವಳು ಬರಲಿಲ್ಲ. ಐದನೆಯ ದಿನ ಫಕೀರವ್ವ ಹೋಗಿ ನೋಡಿ ಕೂಗಿಕೊಂಡಳು. ಆಗ ಎಲ್ಲರೂ ಬಂದರು. ಹೆಣವಾದ ಮೇಲೆ ಮಲ್ಲಕ್ಕ ಯಾರೆಂಬ ಬಗ್ಗೆ ಊರಿಗೆ ಅನುಮಾನವಿರಲಿಲ್ಲ. ಗೌಡ ತಾನೇ ಮುಂದೆ ನಿಂತ. ಬಾರದಿದ್ದ ಅಯ್ಯನವರು ಬಂದರು. ವಿಭೂತಿ ಹಚ್ಚಿ, ಹೂ ಹಾಕಿ, ಕೂರಿಸಿ, ಭಜನೆಯೊಂದಿಗೆ ಹೊತ್ತು ಒಯ್ದು ಮಡಿವಾಳೆಪ್ಪನ ಬಾಜೂಕೆ ಮಣ್ಣು ಮಾಡಿದರು. ಗೌಡ ಖರ್ಚಿಗೆ ಹಿಂದೆಗೆಯಲಿಲ್ಲ. ದಾಯಾದಿಯ ಹೆಂಡತಿಗೆ ಎಷ್ಟು ಮಾಡಿದನೆಂದು ಮಂದಿ ಹೊಗಳಿದರು. ಅಂದಾನೆಪ್ಪ ಸ್ಮಶಾನದ ಬೇಲಿಯ ಆಚೆ ನಿಂತಿದ್ದ. ಒಂದು ಹಿಡಿ ಮಣ್ಣು ಹಾಕಲು ಅವನನ್ನು ಯಾರೂ ಕರೆಯಲಿಲ್ಲ, ಅವನೂ ಕೇಳಲಿಲ್ಲ.

ಆ ವರ್ಷ ಹಳ್ಳದ ದಂಡೆಯ ಆ ಹನ್ನೊಂದು ಎಕರೆಯಲ್ಲಿ ಹತ್ತಿ ಹುಲುಸಾಗಿ ಬಂತು. ಬಿಡಿಸಲು ಆಳು ಸಾಲದೆ ಈರಬಸಪ್ಪ ಕೇರಿಗೆ ಬಂದು ಮನೆಮನೆಗೆ ಕೂಗಿ ಹೋದ. ಅಂದಾನೆಪ್ಪ ಕಟ್ಟೆಯ ಮೇಲಿಂದ ಏಳಲಿಲ್ಲ. ಫಕೀರವ್ವ ಉಡಿಗೆ ಕಟ್ಟಿಕೊಳ್ಳುವ ಅರಿವೆ ಹುಡುಕುತ್ತಿದ್ದಳು.

“ಆ ಹೊಲಕ್ಕ ಹೋಗ್ತೀ?” ಎಂದು ಕೇಳಿದ.

“ಜ್ವಾಳ ತೀರಿ ಮೂರ ದಿನಾ ಆತು. ಹೊಟ್ಟಿ ಹೊಲದ ಹೆಸರ ಕೇಳೂದಿಲ್ಲ,” ಎಂದಳು ಅವಳು. “ಏಳ ಮ್ಯಾಲೆ, ಇಬ್ರೂ ಹೋಗೂಣು. ಹೊತ್ತೇರಿದ್ರ ಅರ್ಧಾ ದಿನದ ಕೂಲಿ ಮುರೀತಾನ.”

ಅವನು ಎದ್ದು ರುಮಾಲು ಸುತ್ತಿಕೊಂಡು ಅವಳ ಹಿಂದೆ ನಡೆದ.